ಎರಡು ಅಮಾವಾಸ್ಯೆಗಳ ಆಟಿ

ಜುಲೈ 17, 2023, ಸೋಮವಾರ, ರಾತ್ರಿ

ಇವತ್ತು ಅಮಾವಾಸ್ಯೆ. ಕರ್ಕಾಟಕ ಸಂಕ್ರಮಣವೂ ಇವತ್ತೇ. ಬೆಳಿಗ್ಗೆ ಮೈಸೂರು ಬಿಡುವಾಗ ಎದುರುಮನೆಯವಳು ಭೀಮನ ಅಮಾವಾಸ್ಯೆಯ ಪೂಜೆಗೆ ಅಣಿ ಮಾಡುತ್ತಿದ್ದಳು. ಅಲ್ಲಿಗೆ ಆಷಾಢ ಮುಗಿಯಿತು. ಘಟ್ಟ ಇಳಿದರೆ ತುಳುವರ ಆಟಿ ತಿಂಗಳು.

ಬಸ್ಸು ತುಂಬ ಹೆಂಗಸರು. ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಮಡಿಲಲ್ಲಿ ಮಗು, ಕಾಲ ಬಳಿ ಚೀಲ. ಅನೇಕರು ತವರಿಗೇ ಹೊರಟವರು ಅಂತ ಮಾತಿನಲ್ಲೇ ತಿಳಿಯುತ್ತಿತ್ತು.

ಅಮ್ಮನ ಬಲಗೈ ಪ್ಲಾಸ್ಟರಿನಲ್ಲಿದೆ. ಪಾಚಿ ಹಿಡಿದ ಅಂಗಳದಲ್ಲಿ ಜಾರಿದ್ದು. ಎಂಬತ್ತನಾಲ್ಕರ ವಯಸ್ಸಿಗೆ ಮಣಿಕಟ್ಟು ಮಾತ್ರ ಹೋಯಿತು, ಸೊಂಟ ಉಳಿಯಿತು ಅಂತ ಡಾಕ್ಟರು ಸಮಾಧಾನ ಹೇಳಿದರಂತೆ. ನನ್ನನ್ನು ನೋಡಿ ಅಮ್ಮ ಅಂದದ್ದು ಒಂದೇ ಮಾತು: "ಆಟಿಗೆ ಬಂದೆಯಲ್ಲ." ಮದುವೆಯಾದ ವರ್ಷ ಬಂದಾಗಲೂ ಇದೇ ಅಂದಿದ್ದಳು.

ಜುಲೈ 18, ಮಂಗಳವಾರ

ಬೆಳಿಗ್ಗೆಯೇ ವಾದ. ಆಟಿ ಅಮಾವಾಸ್ಯೆಯ ಪಾಲೆ ತೊಗಟೆಯ ಕಷಾಯ ಯಾವತ್ತು ಕುಡಿಯುವುದು? ಪಕ್ಕದ ಮನೆಯವರು ನಿನ್ನೆಯೇ ಕುಡಿದಿದ್ದಾರೆ. ನಿನ್ನೆ ಬರೀ ಸಂಕ್ರಮಣ, ಆಟಿಯ ಮೊದಲ ದಿನ ಇವತ್ತು, ಹಾಗಾಗಿ ಆಟಿ ಅಮಾವಾಸ್ಯೆ ಅಂದರೆ ಆಗಸ್ಟ್ 16ರದ್ದೇ ಎಂಬುದು ಅಣ್ಣನ ಹಟ. ಪಂಚಾಂಗ ತೆಗೆದೆವು. ಎರಡು ಅಮಾವಾಸ್ಯೆಯೂ ಸೂರ್ಯ ಕರ್ಕಾಟಕದಲ್ಲಿ ಇರುವಾಗಲೇ ಬಂದಿವೆ. ಇವತ್ತಿನಿಂದ ಅಧಿಕ ಶ್ರಾವಣ ಅಂತಲೂ ಅಚ್ಚಾಗಿದೆ.

ಘಟ್ಟದ ಮೇಲಿನವರ ತಿಂಗಳು ಚಂದ್ರನದ್ದು. ತುಳುವರದ್ದು ಸೂರ್ಯನದ್ದು. ಬಿಸುವಿಗೆ ವರ್ಷ ಹುಟ್ಟುತ್ತದೆ. ಪಗ್ಗು, ಬೇಶ, ಕಾರ್ತೆಲ್ ಕಳೆದು ನಾಲ್ಕನೆಯದು ಆಟಿ. ಚಂದ್ರನ ತಿಂಗಳಿಗೆ ಸರಾಸರಿ 29 ದಿನ 12 ಗಂಟೆ 44 ನಿಮಿಷ. ಸೂರ್ಯ ಕರ್ಕಾಟಕ ದಾಟಲು 31 ದಿನ ಸಾಲದು, ಇನ್ನಷ್ಟು ಗಂಟೆ ಬೇಕು. ಒಂದು ಅಮಾವಾಸ್ಯೆಯಿಂದ ಇನ್ನೊಂದರ ಒಳಗೆ ಸಂಕ್ರಮಣವೇ ಬೀಳದಿದ್ದರೆ ಆ ಚಾಂದ್ರಮಾಸ ಅಧಿಕ. ಈ ಸಲ ಅದು ಇಡಿಯಾಗಿ ಆಟಿಯ ಒಳಗೇ ಕೂತಿದೆ. ವಿಜ್ಞಾನ ಕಲಿಸುವಾಗ ಮಕ್ಕಳಿಗೆ ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೆ. ಅಡುಗೆಮನೆಯಲ್ಲಿ ಇದರ ಮೇಲೆ ವಾದ ಎದ್ದದ್ದನ್ನು ಕಂಡದ್ದು ಇವತ್ತೇ.

ಅಮ್ಮನ ತೀರ್ಮಾನ: "ಆಗಸ್ಟಿಗೇ ಕುಡಿಯುವ. ಅಷ್ಟರವರೆಗೆ ಇವಳೂ ಇರ್ತಾಳೆ."

ನಾನು ಅಷ್ಟು ದಿನ ಇರುತ್ತೇನೆ ಅಂತ ಯಾರಿಗೂ ಹೇಳಿರಲಿಲ್ಲ.

ಜುಲೈ 20, ಗುರುವಾರ

ಮಳೆ ಬಿಟ್ಟಿಲ್ಲ. ಕರೆಂಟಿಲ್ಲ. ಅಮ್ಮನ ತಲೆ ಬಾಚಿದೆ. ಕೂದಲು ಎಷ್ಟು ತೆಳುವಾಗಿದೆ.

ಆಟಿಯಲ್ಲಿ ಏನೇನು ಇಲ್ಲ ಅಂತ ಹೇಳುತ್ತಾ ಹೋದಳು. ಮದುವೆ ಇಲ್ಲ. ಮನೆ ಒಕ್ಕಲು ಇಲ್ಲ. ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ಕೋಲ, ನೇಮ ಇಲ್ಲ. ಬೇಶದ ಹತ್ತಕ್ಕೆ, ಅಂದರೆ ಮೇ ಕೊನೆಯ ವಾರದಲ್ಲಿ, ಪತ್ತನಾಜೆ. ಆ ರಾತ್ರಿ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ದೈವದ ಚಾಕರಿಯವರ ಗಗ್ಗರವೂ ಒಳಗೆ ಸೇರುತ್ತದೆ. ಆಟಿಯಲ್ಲಿ ದೈವಗಳು ಘಟ್ಟ ಹತ್ತಿ ಹೋಗುತ್ತವೆ, ಅದರ ಮುಂದಿನ ತಿಂಗಳಾದ ಸೋಣದ ಸಂಕ್ರಮಣಕ್ಕೆ ಮರಳುತ್ತವೆ ಎಂದು ನಂಬಿಕೆ. ಊರು ಕಾಯುವವರೇ ಊರಲ್ಲಿಲ್ಲದ ತಿಂಗಳು.

ಆಟಿ ಆಡುತ್ತಾ ಹೋಗುತ್ತದೆ, ಸೋಣ ಓಡುತ್ತಾ ಹೋಗುತ್ತದೆ ಅಂತ ತುಳುವಿನಲ್ಲಿ ಗಾದೆ. ಇದರಲ್ಲಿ ಖಗೋಳವೂ ಇದೆ. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಅತಿ ದೂರದಲ್ಲಿರುತ್ತದೆ, ಅದರ ಓಟ ಆಗ ಅತಿ ನಿಧಾನ. ಆದ್ದರಿಂದಲೇ ಈ ಆಸುಪಾಸಿನ ಸೌರಮಾಸಗಳು ವರ್ಷದಲ್ಲೇ ಉದ್ದ. ಸೋಣಕ್ಕಿಂತ ಆಟಿ ಅರ್ಧ ದಿನದಷ್ಟು ಹೆಚ್ಚು. ಅಮ್ಮನಿಗೆ ಹೇಳಿದೆ. "ಅರ್ಧ ದಿನ ಅಲ್ಲ, ನಮಗೆ ಅದು ಒಂದು ವರ್ಷದ ಹಾಗೆ ಇತ್ತು" ಅಂದಳು. ಮತ್ತೆ ಮಾತಾಡಲಿಲ್ಲ.

ಜುಲೈ 23, ಭಾನುವಾರ

ಅತ್ತಿಗೆ ಹಲಸಿನ ಮರದ ಕವಲಿನಿಂದ ಮರಕೆಸುವಿನ ಎಲೆ ಕೊಯ್ಯಿಸಿದರು. ಇದು ಮಳೆಗಾಲದ ಈ ಕೆಲವು ವಾರ ಮಾತ್ರ ಸಿಗುವಂಥದ್ದು. ಅಮ್ಮ ಜಗಲಿಯಲ್ಲಿ ಕೂತು ಎಡಗೈ ಬೆರಳು ತೋರಿಸಿ ಹೇಳಿದಂತೆ ನಾನು ಮಾಡಿದೆ. ಎಲೆಯ ಬೆನ್ನಿನ ದಪ್ಪ ನಾರನ್ನು ಚೂರಿಯಿಂದ ಸವರಿ ತೆಗೆಯಬೇಕು, ಎಲೆ ಹರಿಯಬಾರದು. ನೆನೆಸಿದ ಬೆಳ್ತಿಗೆ ಅಕ್ಕಿ, ಕೊತ್ತಂಬರಿ, ಮೆಣಸು, ಬೆಲ್ಲ, ಹುಳಿ ರುಬ್ಬಿದ ಹಿಟ್ಟು ದಪ್ಪವಿರಬೇಕು. ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ. ಒಂದು ಎಲೆಗೆ ಹಚ್ಚಿ ಅದರ ಮೇಲೆ ಇನ್ನೊಂದನ್ನು ತಲೆಕೆಳಗಾಗಿ ಇಟ್ಟು, ಮತ್ತೆ ಹಚ್ಚಿ, ಎರಡು ಬದಿ ಮಡಚಿ, ಬಿಗಿಯಾಗಿ ಸುರುಳಿ ಸುತ್ತಿ ಹಬೆಗೆ.

"ಗಟ್ಟಿ ಸುತ್ತು. ಹಿಟ್ಟು ಹೊರಗೆ ಬಂತು." ಮಾತು ಕಠಿಣ. ನನಗೆ ಅರವತ್ತೊಂದು. ಬೈಸಿಕೊಳ್ಳುವುದು ಹಿತವಾಗಿತ್ತು.

ಪೇಟೆಯಲ್ಲಿ ಟೊಮೆಟೊ ನೂರು ರೂಪಾಯಿ ದಾಟಿದೆ ಅಂತ ಅಣ್ಣ ಬಂದು ಹೇಳಿದ. ಈ ಮನೆಗೆ ಅದರ ಬಿಸಿ ತಟ್ಟಲಿಲ್ಲ. ಅಟ್ಟದಲ್ಲಿ ಹಲಸಿನ ಹಪ್ಪಳ, ಮಾಂಬಳ, ಸಾಂತಾಣಿ ಇವೆ. ಭರಣಿಯಲ್ಲಿ ಉಪ್ಪುನೀರಿನ ಮಾವಿನಕಾಯಿ. ಇನ್ನೊಂದರಲ್ಲಿ ಉಪ್ಪಡ್ ಪಚ್ಚಿಲ್, ಬೇಸಗೆಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ತೊಳೆ. ಎಲ್ಲವೂ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಆಟಿಗಾಗಿ ಮಾಡಿಟ್ಟದ್ದು. ಇನ್ನೂ ಮೂರು ತಿಂಗಳಾಚೆಗಿದ್ದ ಆಟಿಯ ಹೆದರಿಕೆ ಬೇಸಗೆಯಲ್ಲೇ ಕೆಲಸ ಮಾಡಿಸುತ್ತಿತ್ತು.

ಜುಲೈ 25, ಮಂಗಳವಾರ, ರಾತ್ರಿ

ನೇತ್ರಾವತಿ, ಕುಮಾರಧಾರಾ ಎರಡೂ ಕೆಂಪಾಗಿ ತುಂಬಿ ಹರಿಯುತ್ತಿವೆ. ಹಂಚಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳಿಸುವುದಿಲ್ಲ. ಅಮ್ಮ ಹತ್ತಿರ ಕರೆದು ಕಿವಿಯಲ್ಲೇ ಹೇಳಿದಳು.

ಏಣೆಲು ನಾಟಿ ಕಾರ್ತೆಲಿಗೆ ಮುಗಿಯುತ್ತಿತ್ತು. ಪೈರು ಗದ್ದೆಯಲ್ಲಿ, ಕಳೆದ ವರ್ಷದ ಭತ್ತ ಹೊಟ್ಟೆಯಲ್ಲಿ. ಅಕ್ಕಿಮುಡಿ ಒಂದೊಂದೇ ಬಿಚ್ಚಿ ಆಟಿ ಬರುವಾಗ ಗೋಡೆ ಕಾಣುತ್ತಿತ್ತು. ಹೊಸ ಅಕ್ಕಿಗೆ ಇನ್ನೂ ಎರಡು ತಿಂಗಳು. ಕೂಲಿ ಇಲ್ಲ. ಹೊಳೆ ದಾಟುವಂತಿಲ್ಲ. ಸಾಲ ಕೇಳಲು ಹೋಗುವುದಕ್ಕೂ ದಾರಿ ಇಲ್ಲ. ತಜಂಕಿನ ಸೊಪ್ಪು, ಹಲಸಿನ ಬೀಜ, ಕಣಿಲೆ. ಕಣಿಲೆಯನ್ನು, ಅಂದರೆ ಎಳೆ ಬಿದಿರನ್ನು, ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಬೇಕು, ಇಲ್ಲದಿದ್ದರೆ ಅದರಲ್ಲಿರುವುದು ವಿಷ. "ಆ ಎರಡು ದಿನ ಕಾಯುವುದಕ್ಕೂ ಆಗದವರು ಇದ್ದರು" ಅಂದಳು.

ನಮ್ಮ ಮನೆಯಲ್ಲೂ ಹಾಗಿತ್ತಾ ಅಂತ ಕೇಳಿದೆ. ಸುಮ್ಮನಾದಳು. ನಾವು ಗದ್ದೆ ಇದ್ದವರು. ಕೆಲಸಕ್ಕೆ ಬರುತ್ತಿದ್ದವರ ಮನೆಯ ಮಾತು ಅದು ಅಂತ ನಾನು ಅಂದುಕೊಂಡೆ. ಸರಿಯೋ ತಪ್ಪೋ ಗೊತ್ತಿಲ್ಲ.

ಜುಲೈ 28, ಶುಕ್ರವಾರ

ಆಟಿ ಕಳಂಜ ಬಂದ.

ಮಳೆ ಸ್ವಲ್ಪ ಬಿಟ್ಟಿತ್ತು. ಮೊದಲು ಕೇಳಿಸಿದ್ದು ತೆಂಬರೆಯ ಸದ್ದು. ಗೇಟಿನ ಬಳಿ ಇಬ್ಬರು. ಬಾರಿಸುವವನಿಗೆ ಅರವತ್ತರ ಮೇಲಿರಬಹುದು. ವೇಷದಲ್ಲಿ ಅವನ ಮೊಮ್ಮಗ, ಪ್ರೌಢಶಾಲೆಯ ಹುಡುಗ. ಸೊಂಟಕ್ಕೆ ತೆಂಗಿನ ತಿರಿ, ಮುಖಕ್ಕೆ ಬಿಳಿ ಕೆಂಪು ಬಣ್ಣ, ತಲೆಗೆ ಹಾಳೆಯ ಮುಡಿ, ಅದರಲ್ಲಿ ಕೇಪುಳ ಹೂ, ಕಾಲಲ್ಲಿ ಗಗ್ಗರ, ಕೈಯಲ್ಲಿ ಪನೆಯೋಲೆಯ ಕೊಡೆ. ಕೊಡೆ ತಿರುಗಿಸುತ್ತಾ ಅಂಗಳಕ್ಕೆ ಸುತ್ತು ಬಂದ. ಅಜ್ಜ ಹಾಡಿದ. ಅಮ್ಮ ತುಟಿಯಲ್ಲೇ ಅದರ ಜೊತೆ ಹೋಗುತ್ತಿದ್ದಳು.

ತಡ್ಪೆಯಲ್ಲಿ, ಅಂದರೆ ಮೊರದಲ್ಲಿ, ಅಕ್ಕಿ, ತೆಂಗಿನಕಾಯಿ, ಉಪ್ಪು, ಹುಳಿ, ಮೆಣಸು, ಅರಿಶಿನ, ಒಂದು ತುಂಡು ಇದ್ದಿಲು. ಅಮ್ಮ ಹೇಳಿದಂತೆ ನಾನು ಇಟ್ಟೆ. ಅರಿಶಿನದ ನೀರಿಗೆ ಇದ್ದಿಲು ಬೆರೆಸಿ ಅಂಗಳದಲ್ಲಿ ಚೆಲ್ಲಿದರು. ಮನುಷ್ಯರಿಗೆ, ದನಕರುವಿಗೆ, ಬೆಳೆಗೆ ಬರುವ ಮಾರಿಯನ್ನು ಕಳಂಜ ತನ್ನ ಮೇಲೆ ತೆಗೆದುಕೊಂಡು ಊರಾಚೆ ಒಯ್ಯುತ್ತಾನೆ ಎಂದು ನಂಬಿಕೆ. ಇದು ನಲಿಕೆಯವರ ಪಾಲಿನ ಕೆಲಸ. ಕಾಸರಗೋಡು, ಕಣ್ಣೂರು ಕಡೆ ಇದೇ ತಿಂಗಳು ಆಟಿ ವೇಡನ್ ಮನೆಮನೆಗೆ ಬರುತ್ತಾನೆ. ಅಲ್ಲಿಯೂ ಹೆಚ್ಚಾಗಿ ಹುಡುಗರೇ.

ಹುಡುಗನಿಗೆ ಚಹಾ ಕೊಟ್ಟೆ. ಜಗಲಿಯಲ್ಲಿ ಕೂರು ಅಂದೆ. ಅಜ್ಜ ಬೇಡವೆಂದ. ಹುಡುಗ ಕೂತ. ಯಾವ ಕ್ಲಾಸು ಅಂದರೆ ಹತ್ತನೆಯದು. ವಿಜ್ಞಾನದಲ್ಲಿ ಬೆಳಕಿನ ಪಾಠ ಕಷ್ಟ ಅಂದ. ಬಣ್ಣ ಹಚ್ಚಿದ ಮುಖದಲ್ಲೇ ಪೀನ ಮಸೂರದ ಚಿತ್ರ ಬರೆಸಿಕೊಂಡ. ಅಜ್ಜ ಕಾದು ನಿಂತಿದ್ದ.

ಹೋಗುವಾಗ ಅಜ್ಜ ಅಮ್ಮನಿಗೆ ಹೇಳಿದ: "ಬರುವ ವರ್ಷ ಇವನು ಕಾಲೇಜು. ಗೊತ್ತಿಲ್ಲ ಅಮ್ಮ."

ಜುಲೈ 29, ಶನಿವಾರ

ನಿನ್ನೆಯದೇ ತಲೆಯಲ್ಲಿದೆ.

ನಾನು ಚಿಕ್ಕವಳಿದ್ದಾಗ ಕಳಂಜ ಅಂಗಳದ ಅಂಚು ದಾಟಿ ಜಗಲಿಗೆ ಬಂದದ್ದಿಲ್ಲ. ನಮ್ಮ ರೋಗ ಹೊತ್ತುಕೊಂಡು ಹೋಗುವವನಿಗೆ ನಮ್ಮ ಜಗಲಿಯಲ್ಲಿ ಜಾಗ ಇರಲಿಲ್ಲ. ಅವನ ಮನೆಯಲ್ಲಿ ಆಟಿ ಹೇಗಿತ್ತು ಅಂತ ಯಾರೂ ಕೇಳಲಿಲ್ಲ. ಆ ತಡ್ಪೆಯ ಅಕ್ಕಿಯೇ ಅವನ ಮನೆಯ ಆಟಿಯನ್ನು ದಾಟಿಸುತ್ತಿತ್ತು ಅನಿಸುತ್ತದೆ. ಇದ್ದವರ ಮನೆಯ ಅಕ್ಕಿ ಇಲ್ಲದವರ ಮನೆಗೆ ಹೋಗಲು ಊರು ಕಟ್ಟಿಕೊಂಡ ದಾರಿ. ಭಿಕ್ಷೆ ಅನ್ನಿಸದಂತೆ ಅದಕ್ಕೊಂದು ವೇಷ, ಹಾಡು, ಗೌರವ. ಆದರೆ ಆ ಗೌರವ ಮುಗಿಯುತ್ತಿದ್ದದ್ದು ಜಗಲಿಯ ಮೆಟ್ಟಿಲಲ್ಲಿ.

ಆ ಹುಡುಗ ಮುಂದಿನ ವರ್ಷವೂ ಬರಲಿ ಅಂತ ನನಗೆ ಆಸೆ. ಬಾರದಿರಲಿ, ಓದಲಿ ಅಂತಲೂ ಆಸೆ. ಎರಡೂ ಆಗಬಹುದಲ್ಲ ಅಂತ ಅಣ್ಣ ಅನ್ನುತ್ತಾನೆ. ಆಗಬಹುದು. ಆದರೆ ಅದನ್ನು ತೀರ್ಮಾನಿಸುವವರು ನಾವಲ್ಲ.

ಆಗಸ್ಟ್ 2, ಬುಧವಾರ

ಮೊನ್ನೆಗೆ ಮೀನುಗಾರಿಕೆ ನಿಷೇಧ ಮುಗಿಯಿತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಅದು ಮೀನು ಮೊಟ್ಟೆಯಿಡುವ ಕಾಲ. ಆಟಿಯ ಕಡಲಿಗೆ ಇಳಿಯದಿರುವುದು ಕಾನೂನು ಬರುವ ಮೊದಲೂ ಇತ್ತು, ಅಲೆಯ ಭಯದಿಂದ. ನಮ್ಮ ಕಡೆ ಅದಕ್ಕೇ ಒಣಮೀನಿನ ಚಟ್ನಿ, ಹುರುಳಿ ಸಾರು.

ಅಮ್ಮನ ಊಟ ಕಡಿಮೆಯಾಗಿದೆ. ಕೈ ನೋವಿನಿಂದಲೋ, ಬೇರೆ ಏನಾದರೂ ಇದೆಯೋ. ಮೈಸೂರಿಗೆ ಕರೆದುಕೊಂಡು ಹೋಗಲೇ? ಕೇಳಿದರೆ ಆಟಿ ಕಳೆಯಲಿ ಅನ್ನುತ್ತಾಳೆ. ಆಟಿಯಲ್ಲಿ ಯಾರೂ ಮನೆ ಬದಲಿಸುವುದಿಲ್ಲವಂತೆ. ಇದು ನೆಪವೇ ಅಂತ ನನಗೆ ಗೊತ್ತು. ಮುಂದೆ ಕೇಳಲಿಲ್ಲ.

ಆಗಸ್ಟ್ 5, ಶನಿವಾರ

ಮಳೆ ಮಾಯ. ಬಿಸಿಲು ಹೇಗೆ ಸುಡುತ್ತದೆ! ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ತೊಳೆದ ಆಕಾಶ, ಹಸಿ ನೆಲದ ಆವಿ, ನೇರ ಬಿಸಿಲು.

ಅಣ್ಣ ಈ ಬಿಸಿಲನ್ನೇ ಕಾಯುತ್ತಿದ್ದ. ಅಡಿಕೆಗೆ ಎರಡನೇ ಸಲದ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮದ್ದು ಬಿಡುವವನು ಸಿಗುವುದೇ ಕಷ್ಟ. ಮರದಿಂದ ಇಳಿದವನ ಅಂಗಿ, ಹುಬ್ಬು, ರೆಪ್ಪೆ ಎಲ್ಲ ನೀಲಿ. ಇವತ್ತು ತಪ್ಪಿದರೆ ಕೊಳೆರೋಗ, ಬೆಳೆ ಉದುರಿ ಹೋದ ಹಾಗೆಯೇ. ಗದ್ದೆ ಇದ್ದಲ್ಲಿ ಈಗ ಅಡಿಕೆ. ಭತ್ತಕ್ಕಿದ್ದ ಆಟಿಯ ಆತಂಕ ಅಡಿಕೆಗೂ ಬಂದಿದೆ.

ಆಗಸ್ಟ್ 6, ಭಾನುವಾರ

ಅಣ್ಣನ ಮಗಳ ಕಾಲೇಜಿನಲ್ಲಿ "ಆಟಿಡೊಂಜಿ ದಿನ". ಅಜ್ಜಿಯನ್ನು ಕರೆತರಲೇಬೇಕು ಅಂತ ಹಟ. ಕಾರಿನಲ್ಲಿ ಹೋದೆವು.

ಉದ್ದ ಮೇಜಿನ ಮೇಲೆ ಪತ್ರೊಡೆ, ತಜಂಕಿನ ಅಂಬಡೆ, ಕಣಿಲೆ ಪಲ್ಯ, ಹಲಸಿನ ಎಲೆಯ ಕಡುಬು, ಮೆಂತ್ಯೆ ಗಂಜಿ. ಮಕ್ಕಳು ಸೀರೆ, ಪಂಚೆ ಉಟ್ಟು ಚೆನ್ನೆಮಣೆ ಆಡುತ್ತಿದ್ದರು. ಅಮ್ಮನನ್ನು ವೇದಿಕೆಯ ಮೇಲೆ ಕೂರಿಸಿ ಎರಡು ಮಾತು ಹೇಳಿ ಅಂದರು. ಹೇಳಲಾರಳು ಅಂದುಕೊಂಡಿದ್ದೆ.

ಮೈಕು ಹಿಡಿದಳು. ತುಳುವಿನಲ್ಲೇ ಹೇಳಿದಳು. ಇದೆಲ್ಲ ಒಳ್ಳೆಯ ತಿಂಡಿ, ಹೊಟ್ಟೆ ತುಂಬ ತಿನ್ನಿ. ನಾವು ಇದನ್ನು ತಿಂದದ್ದು ಅನ್ನ ಇಲ್ಲ ಅಂತ. ಅನ್ನ ಇರುವ ನೀವು ರುಚಿಗೆ ತಿನ್ನುವುದು ನನಗೆ ಸಂತೋಷ. ಆದರೆ ಅನ್ನ ಇರಲಿಲ್ಲ ಎಂಬುದನ್ನೂ ನಿಮ್ಮ ಮಕ್ಕಳಿಗೆ ಹೇಳಿ. ಅಷ್ಟೇ.

ಚಪ್ಪಾಳೆ ಬಿತ್ತು. ಕೆಲವು ಮಕ್ಕಳು ಚಪ್ಪಾಳೆ ತಟ್ಟಲಿಲ್ಲ, ಅಮ್ಮನನ್ನೇ ನೋಡುತ್ತಿದ್ದರು. ಅವರಿಗೆ ತಲುಪಿತು ಅಂತ ಕಾಣುತ್ತದೆ.

ಆಗಸ್ಟ್ 8, ಮಂಗಳವಾರ

ಹೊಳೆಯಾಚೆಯಿಂದ ಮೂವರು ಬಂದಿದ್ದರು. ಹಣ್ಣು, ಬಿಸ್ಕತ್ತು ತಂದಿದ್ದರು. ಅಮ್ಮನ ಕೈ ನೋಡಲು ಬಂದವರೆಂದು ಒಳಗೆ ಕರೆದೆ.

ಅವರ ಮನೆಯಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಒಬ್ಬ ಗಂಡಿದ್ದಾನೆ. ಇದ್ದಿದ್ದರೆ ಈಗ ಅಜ್ಜನಾಗಿರುತ್ತಿದ್ದ. ಮನೆಯಲ್ಲಿ ಮದುವೆಗಳು ಕೂಡಿ ಬರುತ್ತಿಲ್ಲ. ಪ್ರಶ್ನೆ ಇಟ್ಟಾಗ ಅವನಿಗೆ ಮದುವೆ ಆಗಬೇಕು ಅಂತ ಕಂಡಿತಂತೆ. ನಿಮ್ಮ ಮನೆಯಲ್ಲೂ ಒಂದು ಹೆಣ್ಣು ತೀರಿಕೊಂಡದ್ದು ಇದೆಯಲ್ಲ, ಬರಿ, ಅಂದರೆ ಗೋತ್ರ, ಬೇರೆ ಬೇರೆ, ಕೂಡಿ ಬರುತ್ತದೆ, ಕೇಳಿ ಹೋಗುವ ಅಂತ ಬಂದೆವು ಅಂದರು.

ಕುಲೆ ಮದುವೆ. ಜೀವಂತ ಇರುವವರಿಗೆ ಆಟಿಯಲ್ಲಿ ಮದುವೆ ಇಲ್ಲ. ಸತ್ತವರಿಗೆ ಇರುವುದು ಆಟಿಯಲ್ಲೇ. ಬರಿ ನೋಡುತ್ತಾರೆ, ನಿಶ್ಚಯ ಮಾಡುತ್ತಾರೆ, ಧಾರೆ ಸೀರೆ ತರುತ್ತಾರೆ, ಎರಡು ಮಣೆ ಹಾಕುತ್ತಾರೆ, ಊಟ ಹಾಕುತ್ತಾರೆ. ದಿಬ್ಬಣವೂ ಇರುತ್ತದೆ.

ಅಣ್ಣ ಎದ್ದು ತೋಟಕ್ಕೆ ಹೋದ. ನಾನು ಚಹಾ ಮಾಡಲು ಒಳಗೆ ಹೋದೆ. ಹಾಲು ಉಕ್ಕಿತು. ಅಮ್ಮ ಅವರಿಗೆ ಏನು ಹೇಳಿದಳೋ ಕೇಳಿಸಲಿಲ್ಲ.

ಆಗಸ್ಟ್ 9, ಬೆಳಗಿನ ಜಾವ ಮೂರು ಗಂಟೆ

ನಿದ್ದೆ ಇಲ್ಲ. ಅಮ್ಮನಿಗೂ ಇರಲಿಲ್ಲ. ಕತ್ತಲಲ್ಲೇ ಹೇಳಿದಳು.

ನನಗಿಂತ ಮೊದಲು ಒಬ್ಬಳಿದ್ದಳು ಅಂತ ಗೊತ್ತಿತ್ತು, ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಎಂಟು ತಿಂಗಳು. ಜ್ವರ, ಭೇದಿ. ಆಟಿಯೇ. ಹೊಳೆ ತುಂಬಿ ಕಡವಿನ ದೋಣಿ ಕಟ್ಟಿಹಾಕಿದ್ದರು. ಪುತ್ತೂರಿನ ಆಸ್ಪತ್ರೆ ಆ ದಿನ ಇದ್ದೂ ಇಲ್ಲದ ಹಾಗೆ. ಅಪ್ಪ ದಡದಲ್ಲಿ ಮಗುವನ್ನು ಎತ್ತಿಕೊಂಡು ಕಾದು ಕಾದು ಮರಳಿ ಬಂದರು. ಮನೆ ಸೇರುವಾಗ ಮುಗಿದಿತ್ತು.

ಅವಳ ಹೆಸರು ಹೇಳಿದಳು. ಇಲ್ಲಿ ಬರೆಯುವುದಿಲ್ಲ.

ಪ್ರತಿ ಆಟಿಯಲ್ಲಿ ಹಿರಿಯರಿಗೆ ಅಗೆಲು, ಅಂದರೆ ಎಡೆ, ಬಳಸುವಾಗ ಕೊನೆಯಲ್ಲಿ ಒಂದು ಚಿಕ್ಕ ಎಲೆ ಇರುತ್ತಿತ್ತು. ಅದು ಯಾರದ್ದು ಅಂತ ನಾನು ಕೇಳಿರಲಿಲ್ಲ. ಮಕ್ಕಳಿಗಾಗಿ ಅಂದುಕೊಂಡಿದ್ದೆ. ಮಕ್ಕಳಿಗಾಗಿಯೇ ಆಗಿತ್ತು.

"ಅವಳಿಗೂ ಒಂದು ಮನೆ ಆಗುತ್ತದಲ್ಲ" ಅಂದಳು ಅಮ್ಮ. ನಾನು ವಿಜ್ಞಾನ ಕಲಿಸಿದವಳು. ಎಂಟು ತಿಂಗಳ ಮಗುವಿಗೆ ಮದುವೆ! ಬಾಯಿಯವರೆಗೆ ಬಂದದ್ದು ಹೊರಗೆ ಬರಲಿಲ್ಲ. ಅಮ್ಮನ ಎಣಿಕೆಯಲ್ಲಿ ಅವಳು ಬೆಳೆಯುತ್ತಲೇ ಇದ್ದಾಳೆ. ನನ್ನ ಪ್ರತಿ ಹುಟ್ಟುಹಬ್ಬದಂದೂ ಅಮ್ಮ ಇಬ್ಬರ ವಯಸ್ಸನ್ನೂ ಎಣಿಸಿ ನೋಡುತ್ತಿದ್ದಳು ಎಂಬುದು ಇವತ್ತು ತಿಳಿಯಿತು.

ಆಗಸ್ಟ್ 10, ಗುರುವಾರ

ಅಣ್ಣ ಒಪ್ಪುವುದಿಲ್ಲ. ಖರ್ಚಿನ ಮಾತಲ್ಲ. ಊರಿನವರು ಫೋನಿನಲ್ಲಿ ಚಿತ್ರ ತೆಗೆದು ಹಂಚುತ್ತಾರೆ, ಅಮ್ಮನ ದುಃಖ ಎಲ್ಲರ ಕೈಗೂ ಹೋಗುತ್ತದೆ ಅನ್ನುತ್ತಾನೆ. ಅದೂ ಸರಿಯೇ. ಎರಡೂ ಕಡೆಯ ಮಾತು ನನಗೆ ಸರಿ ಅನಿಸುತ್ತಿದೆ. ಇದರಿಂದ ಯಾರಿಗೂ ಉಪಯೋಗವಿಲ್ಲ.

ಮನಸ್ಸು ಬದಲಿಸಲು ಲೆಕ್ಕಕ್ಕೆ ಕೂತೆ. ನಿಜವಾದ ದಕ್ಷಿಣಾಯನ ಜೂನ್ 21ಕ್ಕೇ ಶುರುವಾಗಿದೆ. ಪಂಚಾಂಗದ ಕರ್ಕಾಟಕ ಸಂಕ್ರಮಣ ಬಂದದ್ದು ಜುಲೈ 17ಕ್ಕೆ. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೊಂದು ಸುತ್ತು ತೂಗುವುದರಿಂದ ಬಂದ ಅಂತರ ಇದು. ಮೇಘನಾದ ಸಾಹಾ ಅಧ್ಯಕ್ಷರಾಗಿದ್ದ ಪಂಚಾಂಗ ಸುಧಾರಣಾ ಸಮಿತಿ 1952ರಲ್ಲಿ ನೇಮಕವಾಗಿ 1955ರಲ್ಲಿ ವರದಿ ಕೊಟ್ಟಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ. ಅದರಲ್ಲಿ ಪ್ರತಿ ವರ್ಷ ಜೂನ್ 22ಕ್ಕೆ ಆಷಾಢ, ಜುಲೈ 23ಕ್ಕೆ ಶ್ರಾವಣ. ಅಧಿಕವಿಲ್ಲ, ವಾದವಿಲ್ಲ, ಅಚ್ಚುಕಟ್ಟು. ಆಕಾಶವಾಣಿಯ ವಾರ್ತೆಯ ಮೊದಲು ಆ ದಿನಾಂಕ ಕೇಳಿದ ನೆನಪಿದೆ. ಯಾರೂ ಅದರಂತೆ ಕೆಸುವಿನ ಎಲೆ ಕೊಯ್ಯಲಿಲ್ಲ, ಹಿರಿಯರಿಗೆ ಎಲೆ ಹಾಕಲಿಲ್ಲ. ಸಾಹಾ ಅವರ ಗಣಿತ ಸರಿ. ಜನ ತಿಂಗಳನ್ನು ಗಣಿತದಿಂದ ಗುರುತಿಸುವುದಿಲ್ಲ. ತಮ್ಮ ಮನೆಯಲ್ಲಿ ಆದದ್ದರಿಂದ ಗುರುತಿಸುತ್ತಾರೆ.

ಆಗಸ್ಟ್ 13, ಭಾನುವಾರ

ಅಗೆಲು ಬಳಸಿದೆವು. ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ರೊಟ್ಟಿ, ಕಡಲೆ ಬಲ್ಯಾರ್, ಎಳನೀರು. ದೀಪ ಹಚ್ಚಿ, ಬಾಗಿಲು ಎಳೆದು ಹೊರಗೆ ಕೂತೆವು. ಸತ್ತವರು ಬಂದು ಉಣ್ಣುವಷ್ಟು ಹೊತ್ತು ಬದುಕಿರುವವರು ಮಾತಾಡಬಾರದು.

ಕೊನೆಯ ಎಲೆ ನಾನು ಬಳಸಿದೆ. ಅನ್ನವನ್ನು ಮೆತ್ತಗೆ ಹಿಸುಕಿ, ಖಾರ ಹಾಕದೆ, ಸ್ವಲ್ಪ ಹಾಲು. ಯಾರೂ ಹೇಳಿಕೊಟ್ಟಿರಲಿಲ್ಲ. ಅಮ್ಮ ನೋಡಿ ತಲೆಯಾಡಿಸಿದಳು. ಅಣ್ಣ ಎಲೆಯ ಪಕ್ಕ ಒಂದು ಮಾಂಬಳದ ತುಂಡು ಇಟ್ಟ. ಅವನ ಕಣ್ಣು ನೋಡಲು ನನಗಾಗಲಿಲ್ಲ.

ನಂಬುತ್ತೇನೆಯೇ? ಗೊತ್ತಿಲ್ಲ. ಬಳಸುವಾಗ ಕೈ ನಡುಗಿತು.

ಆಗಸ್ಟ್ 15, ಮಂಗಳವಾರ, ಸಂಜೆ

ಅಣ್ಣನ ಜೊತೆ ಗುಡ್ಡೆಗೆ ಹೋಗಿ ಪಾಲೆ ಮರಕ್ಕೆ ನೂಲು ಕಟ್ಟಿ ಬಂದೆವು. ನಾಳೆ ಕತ್ತಲಲ್ಲಿ ಮರ ತಪ್ಪಬಾರದು. ಎಲೆ ಏಳೇಳರ ಗೊಂಚಲು, ಮುರಿದರೆ ಹಾಲು. ಹಿಂದೆ ಇದರ ಹಗುರ ಹಲಗೆಯ ಮೇಲೆ ಮಕ್ಕಳು ಅಕ್ಷರ ತಿದ್ದುತ್ತಿದ್ದರು, ಸಸ್ಯಶಾಸ್ತ್ರದ ಹೆಸರಿನಲ್ಲಿರುವ ಸ್ಕೊಲಾರಿಸ್ ಅಲ್ಲಿಂದ ಬಂದದ್ದು. ಹತ್ತಿರದಲ್ಲೇ ಕಾಸರಕನ ಮರವೂ ಇದೆ. ಅದರ ತೊಗಟೆಯಲ್ಲಿ ಸ್ಟ್ರಿಕ್ನಿನ್, ಜೀವ ತೆಗೆಯುವ ವಿಷ. ಗುರುತು ಗೊತ್ತಿಲ್ಲದವರು ಕತ್ತಲಲ್ಲಿ ತೊಗಟೆ ತರಬಾರದು. ಅಣ್ಣನ ಮಗಳಿಗೆ ಎರಡೂ ಮರ ಮುಟ್ಟಿಸಿ ತೋರಿಸಿದೆ, ಎಲೆ ಎಣಿಸಲು ಹೇಳಿದೆ.

ಆಗಸ್ಟ್ 16, ಬುಧವಾರ

ಆಟಿ ಅಮಾವಾಸ್ಯೆ.

ಅಣ್ಣ ನಾಲ್ಕಕ್ಕೇ ಹೋಗಿ ತೊಗಟೆ ತಂದ. ಕತ್ತಿ ಮುಟ್ಟಿಸುವಂತಿಲ್ಲ, ಬೊಳ್ಳುಕಲ್ಲಿನಿಂದ ಗುದ್ದಿ ತೆಗೆದದ್ದು. ಓಮ, ಕಾಳುಮೆಣಸು, ಬೆಳ್ಳುಳ್ಳಿ, ಅರಿಶಿನದ ಜೊತೆ ಅರೆದು ಸೋಸಿದೆವು. ಬೊಳ್ಳುಕಲ್ಲನ್ನು ಒಲೆಯ ಕೆಂಡದಲ್ಲಿ ಕೆಂಪಾಗಿ ಕಾಯಿಸಿ ಪಾತ್ರೆಗೆ ಇಳಿಸಿದಾಗ ಚೊಯ್ ಎಂದು ಕುದಿಯಿತು. ಹೊಗೆಯಲ್ಲಿ ಓಮದ ವಾಸನೆ. ಖಾಲಿ ಹೊಟ್ಟೆಗೆ ಕಾಲು ಲೋಟ.

ಕಹಿ ನಾಲಿಗೆಯಿಂದ ಗಂಟಲಿಗೆ, ಅಲ್ಲಿಂದ ಕಿವಿಯವರೆಗೂ ಹೋಯಿತು. ಬೆಲ್ಲದ ತುಂಡು. ಆಮೇಲೆ ತೆಂಗಿನ ಹಾಲಿನ ಮೆಂತ್ಯೆ ಗಂಜಿ, ಕಷಾಯದ ಉಷ್ಣಕ್ಕೆ ತಂಪು. ಅಮ್ಮನಿಗೆ ಒಂದು ಚಮಚ ಮಾತ್ರ ಕೊಟ್ಟೆ, ಮಾತ್ರೆಗಳ ಜೊತೆ ಹೆಚ್ಚು ಬೇಡವೆಂದು.

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಅದಕ್ಕೂ ಮುಂಚೆ ಈ ಊರುಗಳಲ್ಲಿ ಚಳಿಜ್ವರಕ್ಕೆ ಕೈಗೆ ಸಿಗುತ್ತಿದ್ದದ್ದು ಇಂಥ ಕಹಿ ತೊಗಟೆ. ಇವತ್ತು ಜ್ವರ ಬಂದರೆ ರಕ್ತ ಪರೀಕ್ಷೆಗೇ ಹೋಗಬೇಕು, ನಾನು ಅದನ್ನೇ ಹೇಳುವವಳು. ಆದರೆ ಕಡವಿನ ದೋಣಿ ಕಟ್ಟಿಹಾಕಿದ ಊರಲ್ಲಿ ಈ ಲೋಟವೊಂದೇ ಆಸ್ಪತ್ರೆ. ಕುಡಿಯುವಾಗ ಅಪ್ಪ ದಡದಲ್ಲಿ ನಿಂತದ್ದೇ ಕಣ್ಣೆದುರು ಇತ್ತು.

ಆಗಸ್ಟ್ 17, ಗುರುವಾರ

ಸಂಕ್ರಮಣ. ಮಧ್ಯಾಹ್ನ ಸೂರ್ಯ ಸಿಂಹಕ್ಕೆ ಬಂದ. ಮೈಸೂರಿನಿಂದ ನನ್ನ ಯಜಮಾನರು ಫೋನು ಮಾಡಿ, ಅಧಿಕ ಮುಗಿಯಿತು, ನಿಜ ಶ್ರಾವಣ ಶುರು, ಯಾವಾಗ ಬರುತ್ತಿ ಅಂದರು. ಎರಡು ಪಂಚಾಂಗವೂ ಒಟ್ಟಿಗೆ ಗೇಟು ತೆರೆದಿವೆ.

ಪ್ಲಾಸ್ಟರ್ ತೆಗೆಸಲು ಮುಂದಿನ ವಾರ ಬರಲು ಹೇಳಿದ್ದಾರೆ. ಮೈಸೂರಿಗೆ ಬರುತ್ತೀಯಾ ಅಂತ ಅಮ್ಮನನ್ನು ಮತ್ತೆ ಕೇಳಿದೆ. ಈಗ ಸೋಣದ ಹೊಸ್ತಿಲ ಪೂಜೆ ಇದೆಯಂತೆ.

ಆಗಸ್ಟ್ 18, ಶುಕ್ರವಾರ

ಸೋಣ ಹಿಡಿಯಿತು. ಅತ್ತಿಗೆ ಹೊಸ್ತಿಲು ತೊಳೆದು ಹೂವಿಟ್ಟರು. ಊರಿನಲ್ಲಿ ಮದುವೆಯ ಮಾತು ಇನ್ನು ಮೆಲ್ಲಗೆ ಶುರುವಾಗುತ್ತದೆ.

ಬರೆದದ್ದನ್ನು ಮೊದಲಿನಿಂದ ಓದಿದೆ. ಈ ತಿಂಗಳು ಈ ಮನೆಗೆ ಬಂದವರು ಯಾರು? ಅಕ್ಕಿ ಇಲ್ಲದ ಕಾಲದ ನೆನಪು. ಮಾರಿ ಒಯ್ಯುವ ಕಳಂಜ. ಕೈ ಮುರಿದ ಮುದುಕಿ. ಕೊಟ್ಟ ಮನೆಯಿಂದ ಬಂದ ಮಗಳು. ಎಂಟು ತಿಂಗಳ ಅಕ್ಕ. ಸುಗ್ಗಿಯ ಭತ್ತ ಒಳಗೆ ತರುವಾಗ, ಮದುವೆಯ ಚಪ್ಪರ ಹಾಕುವಾಗ, ನೇಮದ ರಾತ್ರಿಗಳಲ್ಲಿ ಇವರ ಕಡೆ ನೋಡಲು ಯಾರಿಗೂ ಪುರುಸೊತ್ತಿಲ್ಲ. ಇವರಿಗಾಗಿ ಉಳಿದಿರುವುದು ಆಟಿ ಒಂದೇ.

ಕುಲೆ ಮದುವೆಯ ಮಾತು ನಿಂತಲ್ಲೇ ನಿಂತಿದೆ. ಈ ವರ್ಷಕ್ಕೆ ಕಾಲ ಮೀರಿತು. ಮುಂದಿನ ವರ್ಷ ಅವರು ಮತ್ತೆ ಬಂದರೆ ಏನು ಹೇಳಬೇಕೋ ಇನ್ನೂ ಗೊತ್ತಿಲ್ಲ. ಕಳಂಜ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಅಮ್ಮ ಇರುತ್ತಾಳೋ, ಅದನ್ನು ಬರೆಯಲಾರೆ.

ಒಂದು ಮಾತ್ರ ನಿಶ್ಚಯ. ಆಟಿಯನ್ನು ಅಶುಭ ಅನ್ನುವ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ವರ್ಷದ ಹನ್ನೆರಡು ತಿಂಗಳಲ್ಲಿ ಬಡವರನ್ನೂ ಸತ್ತವರನ್ನೂ ನೆನೆಯುವ ತಿಂಗಳು ಇದೇ. ಇದಕ್ಕಿಂತ ಶುಭದ ತಿಂಗಳನ್ನು ನಾನು ಕಂಡಿಲ್ಲ.